ಆಪಾ ಹತ್ತಿಸಿದ ಬಳ್ಳಿ

ಸ್ವಚ್ಛತೆಯ ಗೀಳನ್ನು ಒಳ್ಳೆಯ ಗುಣವೆಂದು ನಾನು ಬಹಳ ಕಾಲ ನಂಬಿದ್ದೆ. ವಾಡಿ ಸ್ಟೇಷನ್ನಿನ ಕಿಂಡಿಯಲ್ಲಿ ಕುಳಿತು ಜೀವಮಾನವೆಲ್ಲ ಟಿಕೆಟ್ ಕೊಟ್ಟವನು ನಾನು. ಎದುರಿನ ಸಾಲು ಸೊಟ್ಟಗಾದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ನಿವೃತ್ತನಾದ ಮೇಲೆ ಸಾಲಿನಲ್ಲಿ ನಿಲ್ಲಿಸಲು ಜನ ಸಿಗದೆ ಮನೆಯ ಬೆನ್ನುಹತ್ತಿದೆ. ಅಂಗಳ, ಬಚ್ಚಲು, ಪಡಸಾಲೆ, ಎಲ್ಲೆಲ್ಲಿ ಪರಸಿ ಕಲ್ಲು ಹಾಸಿದೆಯೋ ಅಲ್ಲೆಲ್ಲ ದಿನಕ್ಕೆರಡು ಸಲ ತೊಳೆಯುವುದು. ಸಿಮೆಂಟು ಕಾರ್ಖಾನೆಯ ಬಿಳಿ ಧೂಳಿನ ಈ ಊರಿನಲ್ಲಿ ತೊಳೆದು ಮುಗಿಸುವ ಹೊತ್ತಿಗೆ ಮೊದಲು ತೊಳೆದ ಕಡೆ ಮತ್ತೆ ಧೂಳು ಕೂತಿರುತ್ತಿತ್ತು.

ಒಂದು ದಿನ ನನ್ನ ಹೆಂಡತಿ ಸುವರ್ಣಾ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಮಂಚ ಹಿಡಿದಳು. ಜಾರಿದ್ದು ನಾನು ಆಗಷ್ಟೇ ತೊಳೆದಿದ್ದ ಪರಸಿಯ ಮೇಲೆ. ಅದನ್ನವಳು ಯಾರಿಗೂ ಹೇಳಲಿಲ್ಲ. ಡಾಕ್ಟರ ಎದುರಿಗೂ “ಕಾಲು ಉಳುಕಿತ್ರಿ” ಎಂದಷ್ಟೇ ಅಂದಳು. ನಾನೂ ಸುಮ್ಮನೆ ತಲೆಯಾಡಿಸಿದೆ.

ಆ ಮಳೆಗಾಲದಲ್ಲಿ ಪಕ್ಕದ ಮನೆಯ ಬಳ್ಳಿಯೊಂದು ಗೋಡೆ ಹತ್ತಿ ನಮ್ಮ ಅಂಗಳಕ್ಕೆ ಇಳಿಯಿತು. ಆ ಮನೆಯ ರಜಿಯಾ ಹುಡುಗಿಯರಿಗೆ ಹೊಲಿಗೆ ಕಲಿಸುವವರು, ಓಣಿಗೆಲ್ಲ ಆಪಾ, ಅಂದರೆ ಅಕ್ಕ. ಬಳ್ಳಿಯ ಹೂವು ವಿಚಿತ್ರವಾಗಿತ್ತು. ಒಂದು ಪುಟ್ಟ ಬಿಳಿ ಚೀಲ, ಅದರ ಬಾಯಿಂದ ಇಣುಕುವ ಒಂದು ಕೆಂಪು ಹೂ. ಊರಿಗೆ ಅದು ಹೂವು, ನನಗೆ ಕಸ. ಒಂದು ಬೆಳಿಗ್ಗೆ ಕುಡಗೋಲು ತಂದು ಗೋಡೆಯ ಮಟ್ಟಕ್ಕೆ ಸವರಿಬಿಟ್ಟೆ.

ಒಳಗೆ ಮಂಚದ ಮೇಲೆ ಸುವರ್ಣಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಮೇಲೆ ಆಪಾನ ತಲೆ ಕಂಡಿತು.

“ಏನ್ ಮಾಡಿದ್ರಿ ಅಣ್ಣಾರ? ಸುವರ್ಣಾ ಮಲಕೊಂಡಲ್ಲೇ ನೋಡ್ಲಿ ಅಂತ ದಾರ ಕಟ್ಟಿ ಕಟ್ಟಿ ಆ ಕಡಿ ಹತ್ತಿಸಿದ್ದೆ.”

ಕುಡಗೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅರವತ್ತು ದಾಟಿದವನು ಮಾಡಬಹುದಾಗಿದ್ದು ಅಷ್ಟೇ.

ಆಪಾ ಜಗಳವಾಡಲಿಲ್ಲ. ಕಡಿದು ಬಿದ್ದುದರಲ್ಲೇ ಗೇಣುದ್ದದ ನಾಲ್ಕು ಕಡ್ಡಿ ಆರಿಸಿಕೊಟ್ಟರು. “ನಂದು ಮತ್ತ ಗ್ವಾಡಿ ಏರಾಕ ವರ್ಷ ಬೇಕು. ಇವನ್ನ ಕಿಟಕಿ ಮುಂದ ಕುಂಡದಾಗ ಹಚ್ರಿ. ನಿಮ್ಮ ತುಳಸಿ, ನಮ್ಮ ಪುದೀನಾದ ಖಾಂದಾನದ್ದರಿ ಇದು, ಒಂದೇ ಮನಿತನ. ಹೊಸ ಕುಡಿಗೇ ಹೂ ಬಿಡ್ತದ, ಕಡದ್ರ ಸಾಯಂಗಿಲ್ಲ. ಆದ್ರ ನೀರು ನಿಂತ್ರ ಬೇರು ಕೊಳೀತದ. ತೊಳಿಯೂ ಚಟ ಕುಂಡದ ಮ್ಯಾಲ ತೀರಿಸಬ್ಯಾಡ್ರಿ.”

ಕರಿಮಣ್ಣಿಗೆ ಉಸುಕು, ಗೊಬ್ಬರ ಬೆರೆಸಿದೆ. ಅರೆನೆರಳು ನೋಡಿ, ಪರಸಿಯ ಗೆರೆಗೆ ಸರಿಯಾಗಿ ಕುಂಡ ಇಟ್ಟೆ. ಮೂರು ಕಡ್ಡಿ ಕೊಳೆತವು, ಒಂದು ಚಿಗುರಿತು. ದಿನಾ ಬೆಳಿಗ್ಗೆ ಅದರ ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಲ್ಲಿಂದಲೇ ಕೂಗುತ್ತಿದ್ದೆ.

“ಇನ್ನೆರಡು ಎಲಿ ಬಂದಾವ. ಕಾಣಸ್ತಾವೇನು?”

“ಹೂಂರೀ, ಕಾಣಸ್ತಾವ. ಭಾಳ ಚಂದ ಅದಾವ.”

ಚಳಿಗಾಲದಲ್ಲಿ ಎಲೆಗಳೆಲ್ಲ ಉದುರಿದವು. ಗಾಬರಿಯಾಗಿ ಆಪಾನ ಬಳಿಗೆ ಓಡಿದೆ. “ಚಳಿಗಿ ಮಲಗ್ಯಾದರಿ, ಸತ್ತಿಲ್ಲ. ನೀರು ಕಡಿಮಿ ಮಾಡ್ರಿ” ಎಂದರು. ಸುವರ್ಣಾಳಿಗೆ ಹೇಳಿದೆ. “ನಾ ಹೇಳ್ತೀನಲ್ಲ, ಅದು ಮತ್ತ ಬರ್ತದ” ಎಂದು ನನಗೇ ಸಮಾಧಾನ ಹೇಳಿದಳು. ಅದೇ ತಿಂಗಳು ಅವಳಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಜೀವಂತ ಮರಳಿ ಕರೆತರಲಾಗಲಿಲ್ಲ.

ಆಮೇಲೆ ಕುಂಡಕ್ಕೆ ಆಪಾನೇ ಗೋಡೆಯಾಚೆಯಿಂದ ನೀರು ಹಾಕುತ್ತಿದ್ದರಂತೆ, ನನಗೆ ತಿಳಿದಿರಲಿಲ್ಲ. ಮಳೆ ಶುರುವಾದಾಗ ಬಳ್ಳಿ ತುಂಬ ಬಿಳಿ ಚೀಲಗಳು, ಕೆಂಪು ಹೂಗಳು. ಅವಳು ನೋಡುತ್ತಿದ್ದಂತೆ ನೋಡೋಣವೆಂದು ಮೊದಲ ಸಲ ಅವಳ ಮಂಚದ ಮೇಲೆ ಮಲಗಿದೆ.

ಕಿಟಕಿಯಿಂದ ನೀರಿನ ಡ್ರಮ್ಮು ಕಂಡಿತು. ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಲುಂಗಿ ಕಂಡಿತು. ಕುಂಡವಾಗಲಿ ಬಳ್ಳಿಯಾಗಲಿ ಕಾಣಲಿಲ್ಲ. ದಿಂಬು ಎತ್ತರಿಸಿಕೊಂಡೆ, ಮಗ್ಗುಲು ಬದಲಿಸಿದೆ. ಒಂದು ಎಲೆಯೂ ಕಾಣಲಿಲ್ಲ.

ಎದ್ದು ಹೋಗಿ ಕುಂಡವನ್ನು ಎರಡು ಮೊಳ ಎಡಕ್ಕೆ ಎಳೆದೆ. ಸದ್ದಿಗೆ ಆಪಾ ಇಣುಕಿದರು.

“ಈಗ್ಯಾಕ ಜರಗಿಸಾಕತ್ತೀರಿ ಅಣ್ಣಾರ?”

“ಅಲ್ಲಿ ಬಿಸಲು ಭಾಳ ಆತ್ರಿ ಆಪಾ.”

ಆಪಾ ಮೋಡ ಕವಿದ ಆಕಾಶವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಒಳಗೆ ಹೋದರು. ಎದುರಿಗಿದ್ದವರು ನಂಬುವ ಹಾಗೆ ಸುಳ್ಳು ಹೇಳುವುದು ಈ ಮನೆಯಲ್ಲಿ ಒಬ್ಬರಿಗೇ ಬರುತ್ತಿತ್ತು.