ಕಾಶಪ್ಪನ ಸ್ಟೋವು

ಕಾಶಪ್ಪನ ಸಂಸಾರ ಕೆಟ್ಟದ್ದು ಒಂದು ಪಂಪಿನ ಸ್ಟೋವಿನಿಂದ. ಮುಂಬಯಿಯ ಆಂಟಾಪ್ ಹಿಲ್ಲಿನ ಆ ಬಿಲ್ಡಿಂಗಿನಲ್ಲಿ ಎಲ್ಲರ ಕೈಗೂ ಹೊತ್ತುವ ಸ್ಟೋವು ಅವನ ಕೈಗೆ ಮಾತ್ರ ಹೊಗೆ ಕಾರುತ್ತಿತ್ತು. "ನಿಮ್ಮಂಥಾ ಕೈಲಾಗದವ್ರ ಕೂಡ ಏಗಿ ಸಾಕಾಗೇತಿ. ಸ್ಟೋವ್ ಹಚ್ಚೂದು ಕಲೀರಿ, ಆಮ್ಯಾಲ ಬರ್ತೀನಿ" ಎಂದು ಪಂಚಮಿಗೆ ಧಾರವಾಡಕ್ಕೆ ಹೋದ ಹೆಂಡತಿ ದಾನವ್ವ ದೀಪಾವಳಿ ಮುಗಿದರೂ ಮರಳಲಿಲ್ಲ.

ಹೆಂಡತಿ ಕೊಟ್ಟದ್ದು 'ಕೈಲಾಗದವ' ಎಂಬ ಒಂದೇ ಬಿರುದು. ಉಳಿದವನ್ನು ಮುಂಬಯಿ ಕೊಟ್ಟಿತು. ಆಫೀಸಿನ ಸಾಹೇಬನಿಗೆ ಅವನು 'ನಾಲಾಯಕ್', ಎದುರು ಖೋಲಿಯ ವಿಜಾಪುರದ ಗಂಗುಬಾಯಿಗೆ 'ನಿಕಮ್ಮಾ', ಪಕ್ಕದ ಉಡುಪಿಯ ವಿನೋದಿನಿಗೆ 'ಎಂತಕ್ಕೂ ಆಗದ ಜನ'. 'ಅಸಮರ್ಥ' ಎಂದು ಮಾತ್ರ ಯಾರೂ ಕರೆಯಲಿಲ್ಲ. ಅಷ್ಟು ಮರ್ಯಾದೆಯ ಶಬ್ದಕ್ಕೂ ಇವನು ಸಾಲನೆಂದು ಅನಿಸಿರಬೇಕು.

ಆ ಭಾನುವಾರ ಅತ್ತೆ ಮಲ್ಲವ್ವ ಪರೀಕ್ಷೆಗೆ ಬರುವವಳಿದ್ದಳು. ಅಳಿಯ ಸುಧಾರಿಸಿದ್ದಾನೆಂದು ಅವಳು ಒಪ್ಪಿದರೆ ದಾನವ್ವ ಬರುತ್ತಾಳೆ. ಹೆಂಡತಿಯಿಲ್ಲದ ಖೋಲಿ ಕಾಶಪ್ಪನಿಗೆ ನಿಜಕ್ಕೂ ಬೇಸರ ತಂದಿತ್ತು.

ನಸುಕಿನಲ್ಲೆದ್ದು ಸ್ಟೋವಿಗೆ ಪಂಪು ಹೊಡೆದು ಕಡ್ಡಿ ಗೀರಿದ. ಭುಗ್ಗೆಂದಿತು! ಅರ್ಧ ಮೀಸೆ ಹೋಯಿತು. ಅವನ ಕೂಗಿಗೆ ಗಂಗುಬಾಯಿ, ವಿನೋದಿನಿ ಇಬ್ಬರೂ ಓಡಿಬಂದರು.

"ಸರಿ ಅತ್ಲಾಗ!" ಎಂದು ಗಂಗುಬಾಯಿ ಅವನನ್ನು ಮೂಲೆಗೆ ತಳ್ಳಿ ರೊಟ್ಟಿ ಬಡಿಯಲು ಕುಳಿತಳು. ವಿನೋದಿನಿ ಪಲ್ಯ ಮಾಡಿ, "ನೀವು ಸೌಟು ಹಿಡ್ಕೊಂಡು ಸುಮ್ಮನೆ ನಿಲ್ಲಿ ಮಾರಾಯ್ರೆ, ಮಾತು ನಮಗೆ ಬಿಡಿ" ಎಂದಳು.

ಮಲ್ಲವ್ವ ದಾದರದಲ್ಲಿಳಿದು ಟ್ರಾಮು ಹತ್ತಿ ಬಂದಳು, ಹೊಟ್ಟೆ ತುಂಬ ಉಂಡಳು.

"ಎಲ್ಲಾ ನಿಮ್ಮ ಅಳಿಯಾನ ಮಾಡಿದ್ದರಿ" ಎಂದಳು ಗಂಗುಬಾಯಿ.

"ಮೀಸಿ ಯಾಕ ಅರ್ಧ?"

"ಕೆಲಸದ ಗದ್ದಲದಾಗ ಇನ್ನರ್ಧ ಬೋಳಿಸಾಕ ಪುರಸೊತ್ತ ಸಿಕ್ಕಿಲ್ರಿ" ಎಂದು ಗಂಗುಬಾಯಿಯೇ ಉತ್ತರಿಸಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. "ಬಟ್ಟೆ ಒಗೆಯುದು, ಉಪ್ಪಿನಕಾಯಿ ಹಾಕುದು ಎಲ್ಲ ಇವರೇ" ಎಂದು ವಿನೋದಿನಿ ಸೇರಿಸಿದಳು. ಮುಂದೆ ಇಬ್ಬರೂ ಪೈಪೋಟಿಗೆ ಬಿದ್ದು ಹೊಗಳಿದರು.

ಮಲ್ಲವ್ವನ ಕಣ್ಣು ತುಂಬಿತು. "ಭಾಳ ಛಲೋ ಆತ್ರಿ ಅಳಿಯಂದ್ರ! ನಮ್ಮ ಸೊಸಿ ಬಸರದಾಳ, ಮನ್ಯಾಗ ಕೈ ಸಾಲೂದಿಲ್ಲ. ದಾನವ್ವನ್ನ ಇನ್ನೊಂದು ವರ್ಷ ನಾನ ಇಟ್ಕೋತೀನಿ. ನಿಮಗೇನು ಕಡಿಮಿ?"

ಕಾಶಪ್ಪ ಸೌಟು ಕೆಳಗಿಟ್ಟ. "ಅತ್ತೀ, ಎಲ್ಲಾ ಸುಳ್ಳು! ನಾ ನಾಲಾಯಕ್ ಅದೀನಿ, ನಿಕಮ್ಮಾ ಅದೀನಿ! ಬೇಕಾದ್ರ ನೋಡ್ರಿ!" ಎಂದು ಉಳಿದರ್ಧ ಮೀಸೆಯ ಆಸೆ ಬಿಟ್ಟು ಸ್ಟೋವಿನ ಮುಂದೆ ಕುಳಿತ. ಪಂಪು ಹೊಡೆದು ಕಡ್ಡಿ ಗೀರಿದ.

ಊಟ ಬಿಸಿಮಾಡಲು ಗಂಗುಬಾಯಿ ಆಗಷ್ಟೇ ಹಚ್ಚಿ ಆರಿಸಿದ್ದ ಸ್ಟೋವು ಇನ್ನೂ ಕಾದಿತ್ತು; ಸುರ್ರೆಂದು ನೀಲಿಯಾಗಿ ಹೊತ್ತಿಕೊಂಡಿತು.

"ಹಂಗ ಒಂದು ಕಪ್ ಚಾ ಇಡ್ರಿ" ಎಂದಳು ಮಲ್ಲವ್ವ. "ಕುಡದು ಗಾಡಿಗೆ ಹೊಂಡ್ತೀನಿ."