ಅನಧಿಕೃತ ಸ್ಟೇಷನ್

ನನ್ನ ಮನೆಯಲ್ಲಿ ನಾನು ಕೇಳಬಹುದು, ಮಾತಾಡುವಂತಿಲ್ಲ. ಹೆಂಡತಿಯ ಕೈಗೆ ಸಿಕ್ಕ ಗಂಡನ ಮಾಮೂಲಿ ಗೋಳು ಎಂದು ನಗಬೇಡಿ. ಇದು ಭಾರತ ಸರಕಾರದ ಕಾಯ್ದೆ!

ಮಳೆಗಾಲ ಬಂತೆಂದರೆ ನಮ್ಮ ಕಡೆ ಮರ ಬಿದ್ದು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ. ಅಂಥ ಹೊತ್ತಿಗೆ ಒದಗಲಿ ಎಂದು ಶಿರಸಿಯ ನಿವೃತ್ತ ಮೇಷ್ಟ್ರು ಪರಮೇಶ್ವರಪ್ಪನವರು ಟವರಿನ ಹಂಗಿಲ್ಲದೆ ಮಾತಾಡಬಹುದಾದ ಹ್ಯಾಮ್ ರೇಡಿಯೋದ ಸ್ವಯಂಸೇವಕರ ತಂಡ ಕಟ್ಟಿದರು. ಬನವಾಸಿ ರಸ್ತೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಈ ಮಧುಕೇಶ್ವರನಿಗೂ ಲೋಕೋದ್ಧಾರದ ಹುಮ್ಮಸ್ಸು ಬಂತು. ಆದರೆ ಮೊದಲು ಪರೀಕ್ಷೆ ಪಾಸಾಗಿ ಲೈಸೆನ್ಸನ್ನೂ, ರೇಡಿಯೋದಲ್ಲಿ ಗುರುತಿಗೆಂದು ಹೇಳುವ ಕರೆಸಂಕೇತವನ್ನೂ ಪಡೆಯಬೇಕು. ಇಲ್ಲದವರು ಆಲಿಸಬಹುದು, ಗುಂಡಿ ಒತ್ತಿ ಮಾತಾಡುವಂತಿಲ್ಲ.

ಊಟದ ತಟ್ಟೆಗೆ ಚಮಚ ಬಡಿಯುತ್ತ ಗಿಡ್ಡ-ಉದ್ದ ಸದ್ದುಗಳ ಮೋರ್ಸ್ ಸಂಕೇತ ಅಭ್ಯಾಸ ಮಾಡಿದೆ. ನನ್ನ ಹೆಂಡತಿ ಗಂಗಾಂಬಿಕಾ ರೊಟ್ಟಿ ಬಡಿಯುತ್ತಲೇ, "ತಪ್ಪ್ರೀ ಅದು. ಉದ್ದಂದು ಒಂದ್ ಕಮ್ಮಿ ಆತು," ಎನ್ನುತ್ತಿದ್ದಳು. ಒಬ್ಬನೇ ಪರೀಕ್ಷೆಗೆ ಹೋಗಲು ಅಂಜಿ, ಜೊತೆಗಿರಲಿ ಎಂದು ಅವಳ ಕೈಲೂ ಅರ್ಜಿ ಹಾಕಿಸಿದೆ. (ವಿನಾಶಕಾಲೇ ವಿಪರೀತಬುದ್ಧಿ.) ಅವಳು ಪಾಸಾದಳು. ನನ್ನ ಬಗ್ಗೆ ಹೇಳುವುದೇನಿದೆ, ಆ ಸಲ ಪ್ರಶ್ನೆಪತ್ರಿಕೆ ಕಠಿಣವಿತ್ತು. ರೇಡಿಯೋ ಸೆಟ್ಟು ಬಂತು, ಅವಳ ಹೆಸರಿಗೆ.

ಮೊನ್ನೆ ಆಗಸ್ಟಿನಲ್ಲಿ ಯಲ್ಲಾಪುರದ ಕಡೆ ಗುಡ್ಡ ಕುಸಿದು ರಸ್ತೆ ಕಟ್ಟಾಯಿತು. ಬೆಳಿಗ್ಗೆ ಪರಮೇಶ್ವರಪ್ಪನವರ ಜೀಪು ಬಾಗಿಲಿಗೆ ಬಂದಾಗ ನಾನು ರೇನ್‌ಕೋಟು ತೊಟ್ಟು ಸನ್ನದ್ಧನಾಗಿ ನಿಂತಿದ್ದೆ.

"ಗಂಗಕ್ಕಾರ ಎಲ್ಲದಾರ್ರೀ?" ಎಂದರು ಅವರು.

ಅವಳು ನನ್ನ ಮೈಮೇಲಿನ ರೇನ್‌ಕೋಟನ್ನೇ ಬಿಚ್ಚಿಸಿ ತೊಟ್ಟು, ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನೊಂದಿಗೆ ಹೊರಟಳು. ಉಮ್ಮಚಗಿ ಹತ್ತಿರದ ಶಾಲೆಯೊಂದರಲ್ಲಿ ನಿರಾಶ್ರಿತರಿಗೆ ಕಾಳಜಿ ಕೇಂದ್ರ ತೆರೆದಿದ್ದರು.

"ಮನೀ ಸೆಟ್ಟಿನ ಗುಂಡಿ ಮುಟ್ಟಬ್ಯಾಡ್ರಿ ಮತ್ತ!" ಎಂದು ಜೀಪಿನಿಂದಲೇ ಕೂಗಿದಳು.

ನಾನು ಸೆಟ್ಟಿನ ಮುಂದೆ ಕೂತೆ. ಅವಳ ದನಿ ಬರುತ್ತಿತ್ತು: ಹಾಸಿಗೆ ಸಾಲದು, ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಸಾಗಿಸಬೇಕು, ಹಾಲಿನ ಪುಡಿ ಬರಲಿ. ನನ್ನ ಕೂಡ ಜಗಳಾಡುವ ಬಾಯಿ ಇದೇನಾ ಎನ್ನಿಸುವಷ್ಟು ಶಾಂತ. ಹೆಮ್ಮೆಯಾಯಿತು. ಮಧ್ಯಾಹ್ನ ಕಳೆದು ಆ ದನಿ ಸೋಲತೊಡಗಿದಾಗ ಮಾತ್ರ ಹೆದರಿಕೆ ಹತ್ತಿತು. ಅವಳಿಗೆ ಶುಗರ್. ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ತಿರುಗಿ ಬೀಳುತ್ತಾಳೆ. ಊರಿಗೆಲ್ಲ ಬಡಿಸಿ ಕೊನೆಗೆ ತಳ ಕೆರೆದು ಉಣ್ಣುವ ಜೀವ ಅದು. ಅಲ್ಲಿ ಅವಳಿಗೆ ಉಂಡೆಯಾ ಎಂದು ಕೇಳುವವರು ಯಾರು? ಫೋನು ಮಾಡೋಣವೆಂದರೆ ಟವರಿಲ್ಲ.

ಒಂದು ಸಂದೇಶ ಮುಗಿದು ರೇಡಿಯೋ ಸುಮ್ಮನಾದ ಗಳಿಗೆಯಲ್ಲಿ ಗುಂಡಿ ಒತ್ತಿಯೇಬಿಟ್ಟೆ.

"ಗಂಗಾ, ಉಂಡೀ ಏನ?"

ಮೂರು ತಾಲೂಕಿನ ರೇಡಿಯೋಗಳಿಗೂ ಕೇಳಿಸಿತು. ಆಮೇಲೆ ಅವಳ ದನಿ, ಶುದ್ಧ ಸರಕಾರಿ ಕನ್ನಡದಲ್ಲಿ: "ಕರೆಸಂಕೇತ ಹೇಳದೆ ಮಾತನಾಡಿದ ಅನಧಿಕೃತ ಸ್ಟೇಷನ್, ದಯವಿಟ್ಟು ಮೌನವಾಗಿರಿ. ತುರ್ತು ಸಂದೇಶಗಳು ಬಾಕಿ ಇವೆ. ಓವರ್."

ನನ್ನ ಲೈಸೆನ್ಸ್ ಹೋಗುವ ಭಯವಿರಲಿಲ್ಲ, ಇದ್ದರಲ್ಲವೇ ಹೋಗಲು! ಮಾನ ಇತ್ತು, ಅದು ಹೋಯಿತು. ಅವಳ ಲೈಸೆನ್ಸಿಗೇ ಸಂಚಕಾರ ತಂದೆನೇನೋ ಎಂದು ಬೆವರಿದೆ.

ಅವಳು ಉಳಿದ ಸಂದೇಶಗಳನ್ನೆಲ್ಲ ಓದಿ ಮುಗಿಸಿದಳು. ಆಮೇಲೆ, "ಇನ್ನೊಂದ್ ಸಂದೇಶ ಐತಿ," ಎಂದಳು. "ಕೇಂದ್ರದಾಗ ಎಲ್ಲಾರದೂ ಊಟ ಆಗೇತಿ. ಆಪರೇಟರ್ ಈಗ ಉಣ್ಣಾಕ ಕುಂತಾರ. ಅನಧಿಕೃತ ಸ್ಟೇಷನ್ ಮುಂಜಾನಿಂದ ಏನೂ ತಿಂದಿಲ್ಲ ಅಂತ ಆಪರೇಟರಿಗೆ ಗೊತ್ತೈತಿ. ಅವರೂ ಉಣ್ಣಬೇಕು. ಓವರ್."

ಉತ್ತರ ಕೊಡಲು ಬಾಯಿ ತೆರೆದೆ, ಬೆರಳನ್ನು ಹಿಂದಕ್ಕೆಳೆದುಕೊಂಡೆ. ಅಷ್ಟರಲ್ಲಿ ಸಿದ್ದಾಪುರದಿಂದ ಯಾರೋ, "ಸಂದೇಶ ತಲುಪಿತು," ಎಂದರು. ಯಲ್ಲಾಪುರದವರೂ ತಲುಪಿತು ಎಂದರು. ಕೊನೆಗೆ ಪರಮೇಶ್ವರಪ್ಪನವರ ದನಿ ಬಂತು.

"ಅನಧಿಕೃತ ಸ್ಟೇಷನ್, ಉಂಡಮ್ಯಾಲ ಗುಂಡಿ ಒತ್ತಿ ಹೇಳಾಕ ಬರಬ್ಯಾಡ್ರಿ. ನಂಬತೀವಿ."

ನಗಬೇಕೋ ಅಳಬೇಕೋ ತಿಳಿಯದೆ ಕಣ್ಣು ತುಂಬಿ ಬಂತು. ತಟ್ಟೆ ತಂದು ಸೆಟ್ಟಿನ ಮುಂದಿಟ್ಟುಕೊಂಡು, ಅವಳ ಎದುರಿಗೇ ಕೂತಂತೆ, ಒಂದೂ ಮಾತಾಡದೆ ಉಂಡೆ.