ಲೂನಟಿಕ್ ಅಳಿಸಿದ ದಿನ

ಹುಚ್ಚಾಸ್ಪತ್ರೆಯ ಸಂಗತಿಯನ್ನು ನಗೆಗತೆ ಮಾಡಿ ಹೇಳುವುದು ಸರಿಯಲ್ಲವೇನೋ; ಓದುವವರು ಕ್ಷಮಿಸಬೇಕು. ಆದರೆ ಆರ್ನಲ್ಡ್ ಥ್ವೇಟ್‌ನ ಗೋಳನ್ನು ಅಳುತ್ತ ಹೇಳಿದರೆ ಯಾರೂ ನಂಬುವುದಿಲ್ಲ.

ಯಾರ್ಕ್‌ಷೈರಿನ ಆ ಆಸ್ಪತ್ರೆಯಲ್ಲಿ ಅವನು ಒಂಬತ್ತು ವರ್ಷದಿಂದ ಹಂಗಾಮಿ ಗುಮಾಸ್ತ. 1931ರ ಜನವರಿಯಲ್ಲಿ ಹೊಸ ಕಾನೂನು ಜಾರಿಗೆ ಬಂತು. ಸೂಪರಿಂಟೆಂಡೆಂಟರು ಬೆಳಿಗ್ಗೆಯೇ ಕರೆದು, "ಲೂನಟಿಕ್ ಅನ್ನೋ ಪದ ಇನ್ಮೇಲೆ ನಮ್ಮ ರಿಜಿಸ್ಟರುಗಳಲ್ಲಿ ಎಲ್ಲೂ ಇರಕೂಡದು. ನಾಲ್ಕಕ್ಕೆ ಕಮಿಟಿ ಬರುತ್ತೆ. ಅಷ್ಟರಲ್ಲಿ ಎಲ್ಲಾ ಹೊಡೆದು ಹಾಕು, ಕಾಯಂ ಮಾಡಿಸ್ತೀನಿ," ಎಂದರು.

ಹೊಡೆದು ಹಾಕುವುದು ಸುಲಭ. ಆ ಜಾಗದಲ್ಲಿ ಏನು ಬರೆಯುವುದು? ಥ್ವೇಟ್ ಸಂಜೆ ಕ್ಲಾಸಿನಿಂದ ತಂದಿದ್ದ ನಿಘಂಟು ತೆರೆದ. ಲೂನಟಿಕ್ ಎಂದರೆ ಚಂದ್ರ ಬಡಿದವನು. ಕ್ರೇಜಿ ಎಂದರೆ ಬಿರುಕು ಬಿಟ್ಟ ಮಡಕೆಯ ಹಾಗಿರುವವನು. ಮನುಷ್ಯರನ್ನು ಮಡಕೆ ಅನ್ನುವುದೇ?

ಅಡುಗೆಯ ಮಿಸೆಸ್ ಕ್ಲೆಗ್ ಟೀ ತಂದಳು. "ಬಾರ್ಮಿ ಅಂತ ಬರಿಯಪ್ಪಾ. ತಲೆಕೆಟ್ಟವರಿಗೆ ನಮ್ಮಮ್ಮ ಹಂಗೇ ಅಂತಿದ್ಲು."

"ಬಿಯರಿನ ಹುದುಗಿನ ಮೇಲೆ ಬರೋ ನೊರೆ ಕಣಮ್ಮಾ ಅದು. ತಲೆ ತುಂಬಾ ನೊರೆ ಅಂತ."

"ನಿಂದೇನು ಬೇರೆ ಕತೆಯಾ? ಟೀ ಕುಡಿ."

ಆಸ್ಪತ್ರೆಯ ಹೊಲ ನೋಡಿಕೊಳ್ಳುವ ಗಾರ್ಸೈಡ್ ಕೆಸರುಗಾಲಲ್ಲೇ ಬಂದು ಬಗ್ಗಿ ನೋಡಿದ. "ಡೆಲಿರಿಯಸ್ ಅನ್ನು. ಡಾಕ್ಟರ ಬಾಯಲ್ಲಿ ಬರೋ ಪದ, ಮರ್ಯಾದೆಯಾಗಿದೆ."

"ಲ್ಯಾಟಿನ್ನಲ್ಲಿ ಅದು ಉಳುವಾಗ ಸಾಲು ತಪ್ಪಿದವನು."

"ಹಂಗಾದ್ರೆ ಮೊದಲು ನಮ್ಮ ಕುದುರೇನ ಸೇರಿಸ್ಕೋ."

ಈಗ ಪೆದ್ದರಿಗೆ ಅನ್ನುವ ಡಾಫ್ಟ್, ಹಿಂದೆ ಸಾಧು ಸ್ವಭಾವದವರಿಗೆ ಹೇಳುವ ಮಾತಾಗಿತ್ತಂತೆ. ಕಿಟಕಿಯಾಚೆ ಮಂಜಿನಲ್ಲಿ ರೋಗಿಗಳು ನಡೆಯುತ್ತಿದ್ದರು. ಒಬ್ಬ ಟೋಪಿ ಎತ್ತಿ ವಂದಿಸಿದ. ಅವನಿಗೆ ಹಚ್ಚುವಂಥ ಒಂದು ಪದವೂ ಸಿಗಲಿಲ್ಲ.

ಕೊನೆಗೆ ಜಾಗಗಳನ್ನು ಖಾಲಿಯೇ ಬಿಟ್ಟು, ಕೋಳಿ ಕಾಳು ಹೆಕ್ಕಿದಂತೆ ಪುಟಪುಟದಲ್ಲೂ ಆ ಪದವನ್ನು ಹುಡುಕಿ ಕೆಂಪು ಗೀಟೆಳೆದ. ಒಂದನ್ನೂ ಬಿಡಲಿಲ್ಲ.

ಕಮಿಟಿಯ ಅಧ್ಯಕ್ಷರು ಪುಟ ತಿರುವಿ ತಲೆದೂಗಿದರು. "ಇಂಥ ಶ್ರದ್ಧೆ ನಾನು ನೋಡಿಲ್ಲ. ಕಾಯಂ ಮಾಡೋಣ. ಯಾವ ಹುದ್ದೆ ಈತನದು?"

ನೌಕರರ ಪಟ್ಟಿ ಬಂತು. ಥ್ವೇಟ್‌ನ ಹೆಸರಿನ ಮುಂದಿದ್ದ ‘ಲೂನಟಿಕರ ಗುಮಾಸ್ತ’ ಎಂಬಲ್ಲಿ ಮೊದಲ ಪದದ ಮೇಲೆ ನೇರವಾದ ಕೆಂಪು ಗೀಟು.

"ಯಾರ ಗುಮಾಸ್ತ ಅಂತಲೇ ಇಲ್ಲವಲ್ಲಪ್ಪಾ. ಹೋಗಲಿ, ನೀನೇ ಹೇಳು, ಈಗಲೇ ಬರ್ಕೋತೀವಿ."

ಥ್ವೇಟ್ ಬಾಯಿ ತೆರೆದ. ಓದಿದ ಪದಗಳೆಲ್ಲ ನಾಲಿಗೆಯ ತುದಿಗೆ ಬಂದು ಒಂದನ್ನೊಂದು ತಳ್ಳಿದವು.

"ಯೋಚನೆ ಮಾಡಿ ಹೇಳ್ತೀನಿ ಸಾರ್."

"ಮಾಡು. ಮುಂದಿನ ಸಭೆ ಏಪ್ರಿಲ್‌ಗೆ," ಎಂದು ಅಧ್ಯಕ್ಷರು ಕೋಟು ಹಾಕಿಕೊಂಡರು. "ಅಲ್ಲೀತನಕ, ಇಲ್ಲದ ಹುದ್ದೆಗೆ ಹಂಗಾಮಿ ಜನಾನೂ ಬೇಕಾಗಲ್ಲ."

ಅವನು ಹೊರಡುವಾಗ ಮಿಸೆಸ್ ಕ್ಲೆಗ್, "‘ರೋಗಿಗಳ ಗುಮಾಸ್ತ’ ಅಂದಿದ್ರೆ ಮುಗೀತಿತ್ತಲ್ಲಪ್ಪಾ," ಎಂದಳು.

ಏಪ್ರಿಲ್‌ನಲ್ಲಿ ಅವನು ಮತ್ತೆ ಬಂದನೋ, ಯಾವ ಪದ ಹೇಳಿದನೋ, ಗೊತ್ತಿಲ್ಲ.